ಭೂಮಿಯನ್ನು ನಾಶಮಾಡಲು ಹೊರಟ ನಮ್ಮ ಮಾವ

ನಮ್ಮ ಮಾವ ಹದಿಮೂರು ಸಲ ಭೂಮಿಯನ್ನು ನಾಶಮಾಡಲು ಹೊರಟವರು. ಹದಿಮೂರು ಸಲವೂ ಅಜ್ಜಿಗೆ ಹೇಳಿಯೇ ಹೊರಟರು. ಅಜ್ಜಿಯೂ ಪ್ರತಿ ಸಲ, "ಊಟಕ್ಕೆ ಬರ್ತೀಯೋ, ಇಲ್ಲಾ ಅಲ್ಲೇ ಹಾಕ್ತಾರೋ?" ಎಂದು ಕೇಳಿಯೇ ಕಳಿಸುತ್ತಿದ್ದರು. ತಾಯಿಗೆ ಇಷ್ಟು ವಿಧೇಯನಾದ ಖಳನಾಯಕ ಈ ಸೌರಮಂಡಲದಲ್ಲಿ ಇನ್ನೊಬ್ಬನಿದ್ದರೆ ಯಾರಾದರೂ ತೋರಿಸಲಿ!

ಮಾವ ಎಂದರೆ ನನ್ನ ತಾಯಿಯ ತಮ್ಮ. ಚಾಮರಾಜಪೇಟೆಯ ವಠಾರದಲ್ಲಿ ಅಜ್ಜಿಯ ಜೊತೆ ಇದ್ದರು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮೂವತ್ತು ವರ್ಷದ ಹಿಂದೆ ಭಾನುವಾರ ಬೆಳಗ್ಗೆ ಟೀವಿಯಲ್ಲಿ ಒಂದು ವೈಜ್ಞಾನಿಕ ಧಾರಾವಾಹಿ ಬರುತ್ತಿತ್ತು. ಒಟ್ಟು ಹದಿಮೂರು ಕಂತು. ಅದರಲ್ಲಿ ಧೂಮಗ್ರಹದ ಚಕ್ರವರ್ತಿ ವಜ್ರಧೂಮನ ಪಾತ್ರ ನಮ್ಮ ಮಾವನದು. ಬಿನ್ನಿಪೇಟೆಯ ಒಂದು ಹಳೆಯ ಶೆಡ್ಡಿನಲ್ಲಿ ಪ್ಲೈವುಡ್ಡಿನ ಅಂತರಿಕ್ಷ ನೌಕೆ ಕಟ್ಟಿದ್ದರು. ವಜ್ರಧೂಮನ ಎದೆಗವಚಕ್ಕೆ ಅಜ್ಜಿಯ ಇಡ್ಲಿತಟ್ಟೆ ಹೋಗಿತ್ತು. ಗುಳಿಗಳ ಮಧ್ಯದ ತೂತುಗಳಲ್ಲಿ ಕೆಂಪು ಬಲ್ಬು ಹಾಕಿದ್ದರು. ಆ ಮೂರು ತಿಂಗಳು ಅಜ್ಜಿಯ ಮನೆಯಲ್ಲಿ ಬರೀ ಉಪ್ಪಿಟ್ಟು.

ಮಾವ ಈ ಕೆಲಸವನ್ನು ತಮಾಷೆ ಎಂದು ತಿಳಿದವರಲ್ಲ. ಕಚೇರಿಯ ಕಡತದ ಬಗ್ಗೆ ಇದ್ದಷ್ಟೇ ಶ್ರದ್ಧೆ ಅವರಿಗೆ ವಜ್ರಧೂಮನ ಬಗ್ಗೆಯೂ ಇತ್ತು. ಧಾರಾವಾಹಿ ಮುಗಿಯುವವರೆಗೂ ಅವರು ಬೀದಿಯಲ್ಲಿ ಯಾರನ್ನು ನೋಡಿಯೂ ನಗಲಿಲ್ಲ. ಎರಡೂ ಹುಬ್ಬನ್ನು ಅರ್ಧಕ್ಕೆ ಬೋಳಿಸಿ, ಉಳಿದದ್ದನ್ನು ಹಣೆಯ ಕಡೆಗೆ ತೀಡಿಕೊಂಡಿದ್ದರು. ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಹೆಂಗಸಿನ ಮುಂದೆ ಆ ಹುಬ್ಬು ಹೊತ್ತು ನಿಂತು ಕೊಸರು ಕೇಳಿದಾಗ ಅವಳು ಬಿಡಲಿಲ್ಲ.

"ಹೋದ ಬಾನ್ವಾರ ಬೂಮಿ ಸುಟ್ಟಾಕ್ತೀನಿ ಅಂದ್ರಲ್ಲ ಸಾಮಿ, ಸುಟ್ಮೇಲೆ ಕೊತ್ಮೀರಿ ಎಲ್ಲಿಂದ ತರೋದು?"

ಮಾವ ಗಂಭೀರವಾಗಿ ಯೋಚಿಸಿ, "ಅದನ್ನ ಡೈರೆಕ್ಟರ್ನ ಕೇಳ್ಬೇಕು" ಎಂದರಂತೆ.

ಇದೇ ಹುಬ್ಬಿನಲ್ಲಿ ಮಲ್ಲೇಶ್ವರಕ್ಕೆ ಹೆಣ್ಣು ನೋಡಲೂ ಹೋಗಿಬಂದೆವು. ಹತ್ತು ವರ್ಷದವಳಾದ ನಾನೂ ಕೇಸರಿಬಾತಿನ ಆಸೆಗೆ ಜೊತೆಗಿದ್ದೆ. ಹುಡುಗಿ ಬಂದು ನಮಸ್ಕಾರ ಮಾಡಿದಳು. ಒಳಗಿನಿಂದ ಒಂದು ಮಗು ಇಣುಕಿ ನೋಡಿ ಕಿಟಾರನೆ ಕಿರುಚಿತು. ಅದರ ಹಿಂದೆ ಇನ್ನೆರಡು ಕಿರುಚಿದವು. ಹುಡುಗಿಯ ತಂದೆ ಬಹಳ ಸಭ್ಯರು. "ಹುಡುಗ ಒಳ್ಳೆಯವರೇ, ಅನುಮಾನ ಇಲ್ಲ. ಆದ್ರೆ ನಮ್ಮನೆ ಮಕ್ಕಳು ಮಂಚದ ಕೆಳಗಿಂದ ಆಚೆ ಬರ್ತಾ ಇಲ್ಲ, ಏನ್ ಮಾಡೋಣ ಹೇಳಿ" ಎಂದು ಕೈಮುಗಿದರು. ಕೇಸರಿಬಾತು ಮಾತ್ರ ಚೆನ್ನಾಗಿತ್ತು.

ಹುಬ್ಬು ಬೆಳೆದ ಮೇಲೂ ಬೇರೆ ಮನೆಗಳಿಗೆ ಹೋದೆವು. ಒಂದು ಕಡೆ ಜಾತಕ ಕೂಡಲಿಲ್ಲ, ಇನ್ನೊಂದು ಕಡೆ ಗುಮಾಸ್ತಿಕೆ ಸಾಲಲಿಲ್ಲ. ಆಮೇಲೆ ಮಾವನೇ ಹೋಗುವುದನ್ನು ನಿಲ್ಲಿಸಿಬಿಟ್ಟರು. ಅಜ್ಜಿ, ಮಗ ಇಬ್ಬರೇ ಉಳಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹದಿಮೂರನೆಯ ಕಂತಿನಲ್ಲಿ ವಜ್ರಧೂಮ ಸಾಯಬೇಕಿತ್ತು. ಅದು ನ್ಯಾಯವೇ ಅಲ್ಲವೆ? ಹನ್ನೆರಡು ವಾರ ಭೂಮಿಯನ್ನು ಗೋಳುಹೊಯ್ದುಕೊಂಡವನನ್ನು ಸುಮ್ಮನೆ ಬಿಡಲಾದೀತೆ? ಆದರೆ ಆ ಕತೆ ಅಜ್ಜಿಯ ಕಿವಿಗೆ ಬಿತ್ತು.

"ನಾನಿನ್ನೂ ಬದುಕಿದೀನಿ. ನನ್ ಮಗ ಸಾಯೋದನ್ನ ಭಾನುವಾರ ಬೆಳಗ್ಗೆ ತಿಂಡಿ ತಿನ್ಕೊಂಡು ನೋಡ್ಬೇಕೇನೋ ನಾನು?"

ನಿರ್ದೇಶಕರೇ ವಠಾರಕ್ಕೆ ಬಂದರು. ಚಾಪೆಯ ಮೇಲೆ ಕೂತು ಸಮಾಧಾನ ಹೇಳಿದರು. "ಅಮ್ಮ, ನಮ್ಮಲ್ಲಿ ಒಂದು ಪದ್ಧತಿ ಇದೆ. ಸಾಯೋ ದೃಶ್ಯ ಆದ್ಮೇಲೆ, ಏಳೋಕೆ ಮುಂಚೆ ಕ್ಯಾಮೆರಾ ನೋಡಿ ನಗಿಸ್ತೀವಿ. ಅದನ್ನೂ ಶೂಟ್ ಮಾಡ್ತೀವಿ. ದೋಷ ಏನೂ ತಟ್ಟಲ್ಲ."

"ಆ ನಗೋದನ್ನ ಟೀವೀಲಿ ತೋರಿಸ್ತೀರಾ?"

"ಅದು... ತೋರಿಸಲ್ಲಮ್ಮ."

"ಮತ್ತೆ?" ಎಂದರು ಅಜ್ಜಿ. ನಿರ್ದೇಶಕರು ಕಾಫಿ ಕುಡಿದು ಎದ್ದರು.

ಹೀಗೆ ವಜ್ರಧೂಮ ಬದುಕಿಕೊಂಡ. ಕೊನೆಯ ದೃಶ್ಯದಲ್ಲಿ ಅವನು ಸೋತು, ಒಬ್ಬನೇ ನೌಕೆ ಹತ್ತುತ್ತಾನೆ. ಹೋಗುವಾಗ "ಹೋಗ್ತೀನಿ" ಎನ್ನಬಾರದು ಎಂಬ ಅಜ್ಜಿಯ ಕಟ್ಟಪ್ಪಣೆಯೂ ಇತ್ತಾದ್ದರಿಂದ, ಆ ಭಯಂಕರ ಚಕ್ರವರ್ತಿ ಭೂಮಿಯತ್ತ ತಿರುಗಿ, ಕೆಂಪು ಬಲ್ಬು ಮಿನುಗಿಸುತ್ತಾ, "ಹೋಗಿ ಬರ್ತೀನಿ" ಎಂದ. ಇಡೀ ವಠಾರ ಚಪ್ಪಾಳೆ ತಟ್ಟಿತು. ಅಜ್ಜಿ ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಹಾಗೆ ಹೇಳಿ ಹೋದವನು ಮೂವತ್ತು ವರ್ಷ ಬರಲಿಲ್ಲ. ಮಾವನಿಗೆ ಬೇರೆ ಪಾತ್ರಗಳೂ ಸಿಗಲಿಲ್ಲ. ನಿವೃತ್ತರಾದರು. ಆರು ವರ್ಷದ ಹಿಂದೆ ಅಜ್ಜಿ ತೀರಿಕೊಂಡರು, ಮರುವರ್ಷ ನನ್ನ ಅಮ್ಮನೂ ಹೋದರು. ಮಾವ ಅದೇ ವಠಾರದಲ್ಲಿ ಒಬ್ಬರೇ ಇದ್ದಾರೆ. ನಾನು ಶೇಷಾದ್ರಿಪುರದಿಂದ ಭಾನುವಾರಕ್ಕೊಮ್ಮೆ ಹುಳಿಪುಡಿಯನ್ನೋ ಉಪ್ಪಿನಕಾಯಿಯನ್ನೋ ಹಿಡಿದುಕೊಂಡು ಹೋಗುತ್ತೇನೆ. "ನಿಂಗ್ಯಾಕಮ್ಮ ತೊಂದ್ರೆ" ಎನ್ನುತ್ತಾರೆ. ಡಬ್ಬಿಯನ್ನು ತೊಳೆದು ಒರೆಸಿ, ನಾನು ಹೊರಡುವ ಮೊದಲೇ ಕೈಗೆ ಕೊಟ್ಟುಬಿಡುತ್ತಾರೆ.

ಹೋದ ವರ್ಷ ಅಂಥದೇ ಒಂದು ಭಾನುವಾರ ಹೊಸ ನಿರ್ದೇಶಕರೊಬ್ಬರು ಬಂದರು. ಚಿಕ್ಕಂದಿನಲ್ಲಿ ವಜ್ರಧೂಮನಿಗೆ ಹೆದರಿ ಅಪ್ಪನ ಬೆನ್ನ ಹಿಂದೆ ಅಡಗಿಕೊಳ್ಳುತ್ತಿದ್ದವರಂತೆ. ಮಾವನ ಕಾಲಿಗೆ ನಮಸ್ಕಾರ ಮಾಡಿಯೇ ಕೂತರು.

"ಸಾರ್, ಮೂವತ್ತು ವರ್ಷದ ಸ್ಪೆಷಲ್ ಎಪಿಸೋಡ್ ಮಾಡ್ತಿದೀವಿ. ವಜ್ರಧೂಮ ವಾಪಸ್ ಬರ್ತಾನೆ. ನಿಮ್ಮನ್ನ ಬಿಟ್ರೆ ಇನ್ಯಾರೂ ಆಗಲ್ಲ." ಆಮೇಲೆ ದನಿ ತಗ್ಗಿಸಿದರು. "ಆದ್ರೆ ಸಾರ್, ಈ ಸಲ ಕೊನೇಲಿ ಸಾಯ್ತಾನೆ. ಕತೆ ಮುಗೀಬೇಕಲ್ಲ."

"ಸಾಯೋಣ ಬಿಡಿ" ಎಂದರು ಮಾವ, ಕಾಫಿಗೆ ಸಕ್ಕರೆ ಸಾಕು ಎನ್ನುವಷ್ಟು ಸಲೀಸಾಗಿ. "ಈಗ ಬೇಡ ಅನ್ನೋರು ಯಾರಿದಾರೆ?"

ನಾನು ಅಲ್ಲೇ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ನನಗೆ ಬಹಳ ಬೇಜಾರಾಯಿತು. ನಿರ್ದೇಶಕರು ಕೊಟ್ಟ ಫಾರಂ ತುಂಬುವಾಗಲೂ ಅಷ್ಟೇ. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬ ಜಾಗದಲ್ಲಿ ಮಾವ ನೀಟಾಗಿ ಒಂದು ಗೆರೆ ಎಳೆದರು.

"ನನ್ ನಂಬರ್ ಹಾಕ್ಬೋದಿತ್ತಲ್ಲ ಮಾವ?"

"ನಿಂಗೆ ನಿನ್ ಸಂಸಾರ ಇದೆಯಲ್ಲಮ್ಮ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ.

ತಯಾರಿ ಶುರುವಾಯಿತು. ಅರವತ್ತೈದರ ವಯಸ್ಸಿನಲ್ಲಿ ಹುಬ್ಬು ಮತ್ತೆ ಅರ್ಧಕ್ಕಿಳಿಯಿತು. ವಜ್ರಧೂಮನ ಅಟ್ಟಹಾಸ ತುಕ್ಕು ಹಿಡಿದಿದೆ ಎಂದು ಬೆಳಗ್ಗೆ ಆರಕ್ಕೇ ಮಾವಳ್ಳಿ ಕಡೆಯಿಂದ ಲಾಲ್‌ಬಾಗಿಗೆ ಹೋಗಿ, ಒಂದು ಮರದ ಕೆಳಗೆ ನಿಂತು ಸೊಂಟಕ್ಕೆ ಕೈಕೊಟ್ಟು ನಕ್ಕರು. ಮೂರನೆಯ ದಿನಕ್ಕೆ ಅಲ್ಲಿನ ನಗೆಕೂಟದವರು ಹಿಂದೆ ಬಂದು ಸಾಲಾಗಿ ನಿಂತಿದ್ದರು. ಐದನೆಯ ದಿನಕ್ಕೆ ಮಾವನನ್ನು ಗುರುಗಳೇ ಎಂದು ಕರೆಯತೊಡಗಿದರು! ಒಬ್ಬ ಹಿರಿಯರಿಗೆ ಮಂಡಿನೋವು ಕಡಿಮೆಯಾಯಿತಂತೆ. ಮಾವನಿಗೆ ಇದರಿಂದ ಅಪಾರ ದುಃಖವಾಯಿತು. "ಹೆದರ್ಲೇ ಇಲ್ವಲ್ಲೇ ಯಾರೂ" ಎಂದರು.

ಸಾಯುವುದನ್ನೂ ಅಭ್ಯಾಸ ಮಾಡಿದರು. ನಡುಮನೆಯಲ್ಲಿ ದಿಂಬು ಹಾಕಿಕೊಂಡು ಬೀಳುವುದು, ಏಳುವುದು, ಮತ್ತೆ ಬೀಳುವುದು. ಎರಡು ಭಾನುವಾರ ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಕೂತೆ. ಶೂಟಿಂಗಿನ ದಿನ ಮಾತ್ರ ಹಟ ಹಿಡಿದು ಜೊತೆಗೆ ಹೊರಟೆ. "ನಿಂಗ್ಯಾಕಮ್ಮ..." ಎಂದರು. ನಾನು ಆಗಲೇ ಆಟೋ ಹತ್ತಿದ್ದೆ.

ಈ ಸಲದ ಕವಚ ಇಡ್ಲಿತಟ್ಟೆಯದಲ್ಲ, ಹೊಳೆಯುವ ಫೈಬರಿನದು. ಸೆಟ್ಟಿನಲ್ಲಿ ಎತ್ತರದ ಸಿಂಹಾಸನ, ಅದಕ್ಕೆ ಐದು ಮೆಟ್ಟಿಲು, ಸುತ್ತ ಹೊಗೆ. ನನ್ನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, "ಮೇಡಂ, ದಯವಿಟ್ಟು ಉಸಿರೂ ಬಿಡ್ಬೇಡಿ" ಎಂದರು ನಿರ್ದೇಶಕರು. ಕ್ಯಾಮೆರಾ ಓಡತೊಡಗಿತು.

ಮಾವ ನಕ್ಕರು. ಲಾಲ್‌ಬಾಗಿನ ಗಿರಾಕಿಗಳು ಇದ್ದಿದ್ದರೆ ಇಲ್ಲಿ ಖಂಡಿತ ಹೆದರುತ್ತಿದ್ದರು! ಹಸಿರು ಕಿರಣವೊಂದು ಅವರ ಎದೆಗೆ ಬಡಿಯಿತು. ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಮೊಣಕಾಲು ಮಡಚಿಕೊಂಡಿತು. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಕೊನೆಗೆ ಕೆಳಗೆ ಅಂಗಾತ. ಕಿರೀಟ ಜಾರಿ ನರೆತ ತಲೆ ಕಂಡಿತು. ಅಂಗೈ ನಿಧಾನವಾಗಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿತು.

ಇದು ನಟನೆ ಎಂದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೂ ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿದಾಗಲೇ ನಾನು ಎದ್ದು ನಿಂತಿದ್ದೇನೆ ಎಂದು ತಿಳಿದದ್ದು.

"ಮಾವಾ, ಬೇಡ! ಏಳಿ ಮೇಲೆ! ಬೇಡ ಅಂದೆ!"

ದೀಪಗಳೆಲ್ಲ ನನ್ನ ಕಡೆ ತಿರುಗಿದಂತಾಯಿತು. ನಲವತ್ತು ದಾಟಿದ ಹೆಂಗಸು, ಹೈಸ್ಕೂಲಿನಲ್ಲಿ ಮಕ್ಕಳ ಗದ್ದಲ ಅಡಗಿಸುವವಳು, ನಲವತ್ತು ಜನರ ಮುಂದೆ ಗೊಳೋ ಎಂದು ಅಳುತ್ತಾ ನಿಂತಿದ್ದೆ. ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು, "ಎಂಥಾ ಶಾಟು ಹೋಯ್ತು ಮೇಡಂ" ಎಂದರು. ಆಮೇಲೆ ಮಾವನ ಕಡೆ ತಿರುಗಿ, "ಸಾರ್, ಪ್ಲೀಸ್, ಇನ್ನೊಂದೇ ಒಂದ್ಸಲ ಸತ್ಬಿಡಿ" ಎಂದರು.

ಮಾವ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ಮಲಗಿದ್ದರು. ಆಮೇಲೆ ಎದ್ದರು. ಕಿರೀಟವನ್ನು ಎತ್ತಿಕೊಂಡು ಧೂಳು ಒರೆಸಿದರು. ನಿಧಾನವಾಗಿ ಐದೂ ಮೆಟ್ಟಿಲು ಹತ್ತಿ ಸಿಂಹಾಸನದಲ್ಲಿ ಕೂತರು.

"ಆಗಲ್ಲಪ್ಪ" ಎಂದರು, ಇಡೀ ಸೆಟ್ಟಿಗೆ ಕೇಳುವಂತೆ. "ಕತೆ ಬದಲಾಯಿಸ್ಕೊಳಿ. ನಮ್ಮನೇಲಿ ಬೇಡ ಅಂತಿದಾರೆ."