ಫಿನ್‌ಲ್ಯಾಂಡಿನವರನ್ನು ಶಕ್ತಿನಗರದಲ್ಲಿ ಉಳಿಸಿಕೊಂಡದ್ದು

ಪರದೇಶದಿಂದ ಬಂದವರಿಗೆ ನಮ್ಮ ಊರು ಅರ್ಥ ಆಗುವಷ್ಟರಲ್ಲಿ ನಾಲ್ಕಾರು ಎಡವಟ್ಟು ಆಗಿಯೇ ಆಗುತ್ತವೆ. ಆ ಎಡವಟ್ಟು ಆಗುವಾಗ ಪಕ್ಕದಲ್ಲಿ ನಿಂತಿರುವುದೇ ನನ್ನ ಉದ್ಯೋಗ. ಕೊಡಿಯಾಲ್‌ಬೈಲಿನ ಒಂದು ಕಂಪೆನಿ ಆಫೀಸಿನಲ್ಲಿ ನಾನು ಅಡ್ಮಿನ್. ನಮ್ಮ ಫ್ಯಾಕ್ಟರಿಗೆ ಹೊರದೇಶದಿಂದ ಎಂಜಿನಿಯರುಗಳು ಬಂದರೆ ಅವರಿಗೆ ಮನೆ ಹುಡುಕುವುದು, ಸಿಮ್ ಕಾರ್ಡ್ ಮಾಡಿಸುವುದು, ಹೊಟ್ಟೆ ಕೆಟ್ಟರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಎಲ್ಲ ನನ್ನದೇ.

ಕಳೆದ ಸಲ ಹೊಸ ಮೆಷಿನ್ ಕೂರಿಸಲಿಕ್ಕೆ ಬಂದವರಲ್ಲಿ ಮೊದಲನೆಯವರು ಸೆಕೆಗೆ ಹೆದರಿ ಓಡಿದರು. ಅವರ ಬದಲಿಗೆ ಬಂದವರು ಜಿರಳೆಗೆ ಹೆದರಿ ಓಡಿದರು. ಮೂರನೆಯವರು ಫಿನ್‌ಲ್ಯಾಂಡಿನವರು. ಐವತ್ತರ ಹತ್ತಿರದ ಪ್ರಾಯ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಬಹಳ ಕಡಿಮೆ. ಬಂದ ದಿನವೇ, "ಈ ತಿಂಗಳ ಕೊನೆಗೆ ಹೇಳ್ತೇನೆ, ಇರ್ತೇನೋ ಇಲ್ವೋ ಅಂತ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ನಮ್ಮ ಮ್ಯಾನೇಜರು ನನ್ನನ್ನು ಕ್ಯಾಬಿನ್ನಿಗೆ ಕರೆದು, "ನೋಡಿ, ಇವರೂ ಓಡಿದರೆ ಮೆಷಿನ್ ಪೆಟ್ಟಿಗೆಯಲ್ಲೇ ತುಕ್ಕು ಹಿಡೀತದೆ. ಆಮೇಲೆ ಅದನ್ನು ನೀವೇ ಕೂರಿಸ್ಬೇಕು" ಎಂದರು. ನನಗೆ ಮನೆಯ ಮಿಕ್ಸಿಯ ಮುಚ್ಚಳವೇ ಸರಿಯಾಗಿ ಕೂರುವುದಿಲ್ಲ.

ಎಲ್ಲಿಗೆ?

ಅವರಿಗೆ ಶಕ್ತಿನಗರದಲ್ಲಿ ಒಂದು ಹಂಚಿನ ಮನೆಯ ಪಕ್ಕದ ಔಟ್‌ಹೌಸ್ ಹಿಡಿದುಕೊಟ್ಟಿದ್ದೆ. ಮನೆಯ ಯಜಮಾನಿ ತುಳು ಮಾತಾಡುವ ಹಿರಿಯ ಹೆಂಗಸು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ನಾವು ಕ್ರಿಶ್ಚಿಯನ್ನರಾದ್ದರಿಂದ ಅವರು ನನ್ನನ್ನು ಹಳೆಯ ರೂಢಿಯಂತೆ ಬಾಯಮ್ಮ ಅನ್ನುತ್ತಾರೆ. ಅಕ್ಕ ಬೆಳಿಗ್ಗೆ ಅಂಗಳದಲ್ಲೇ ಇರುತ್ತಾರೆ, ಗೇಟು ದಾಟುವ ಯಾರನ್ನೇ ಆಗಲಿ "ಎಲ್ಲಿಗೆ?" ಎಂದು ಕೇಳುತ್ತಾರೆ. ಅದಕ್ಕೆ "ಹೀಗೇ" ಎಂದರೆ ಸಾಕು ಅಂತ ನಮಗೆಲ್ಲ ಗೊತ್ತು. ಫಿನ್‌ಲ್ಯಾಂಡಿನವರಿಗೆ ಗೊತ್ತಿಲ್ಲ. ಅವರ ಊರಿನಲ್ಲಿ ಪೊಲೀಸರು ಬಿಟ್ಟರೆ ಬೇರೆ ಯಾರೂ ಹಾಗೆ ಕೇಳುವುದಿಲ್ಲವಂತೆ. ಬಹುಶಃ ಇದು ಇಲ್ಲಿಯ ಕಾನೂನು ಅಂದುಕೊಂಡರು. ಶೇವಿಂಗ್ ಬ್ಲೇಡಿಗೆ ಹೋಗುವುದು, ಯಾವ ಅಂಗಡಿಗೆ, ಎಷ್ಟು ಹೊತ್ತಿಗೆ ವಾಪಸ್ಸು, ಎಲ್ಲವನ್ನೂ ಕೈಸನ್ನೆಯಲ್ಲಿ ಮತ್ತು ಮೊಬೈಲಿನಿಂದ ಕಲಿತ ನಾಲ್ಕು ಕನ್ನಡ ಮಾತಿನಲ್ಲಿ ಒಪ್ಪಿಸತೊಡಗಿದರು. ಅಕ್ಕನಿಗೆ ಖುಷಿಯೋ ಖುಷಿ. "ನನ್ನ ಮಕ್ಕಳೂ ಇಷ್ಟು ಹೇಳಿ ಹೋದದ್ದಿಲ್ಲ ಬಾಯಮ್ಮ!"

ಒಂದು ದಿನ ಬೆಳಿಗ್ಗೆ ಆಫೀಸಿನಲ್ಲಿ ಮೀಟಿಂಗು. ಗಡಿಯಾರದಂತೆ ಬರುವ ಮನುಷ್ಯ ಬರಲೇ ಇಲ್ಲ. ಫೋನು ಸಿಗುವುದಿಲ್ಲ. ಮ್ಯಾನೇಜರು ನನ್ನ ಮುಖ ನೋಡುತ್ತಾರೆ, ನಾನು ಮಾತೆಯ ಜಪ ಮಾಡುತ್ತೇನೆ. ಕೊನೆಗೆ ರಿಕ್ಷಾ ಹಿಡಿದು ಶಕ್ತಿನಗರಕ್ಕೆ ಹೋದೆ. ಹೋಗಿ ನೋಡಿದರೆ, ಮಹಾಶಯರು ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನ ಒಳಗೆ ನೆಟ್ಟಗೆ ನಿಂತಿದ್ದಾರೆ. ಅಷ್ಟರಲ್ಲಿ ಒಳಗಿನಿಂದ ಅಕ್ಕ ತಲೆಗೆ ಬೈರಾಸು ಸುತ್ತಿಕೊಂಡು ಎಣ್ಣೆಸ್ನಾನ ಮುಗಿಸಿ ಬಂದರು.

"ಎಂತ ಸರ್, ನೀವು ಇನ್ನೂ ಹೋಗ್ಲಿಲ್ವಾ?"

ಅವರು ಬಹಳ ಗಂಭೀರವಾಗಿ ಕನ್ನಡದಲ್ಲೇ ಹೇಳಿದರು: "ನೀವು ಕೇಳ್ಲಿಲ್ಲ."

ಮಧ್ಯದ ಜಾಗ

ಅವರ ದೇಶದಲ್ಲಿ ಸಾಲಿನಲ್ಲಿ ನಿಂತವರು ಒಬ್ಬರಿಂದ ಒಬ್ಬರು ದೂರ ನಿಲ್ಲುತ್ತಾರಂತೆ. ಅದು ಮರ್ಯಾದೆ. ನಮ್ಮಲ್ಲಿ ಸಾಲಿನಲ್ಲಿ ಜಾಗ ಬಿಟ್ಟರೆ ಅದು ಇನ್ನೊಬ್ಬರಿಗೆ ಆಹ್ವಾನ.

ಒಂದು ದಿನ ಅವರು ಬೇಕರಿಯಲ್ಲಿ ಬ್ರೆಡ್ಡಿಗೆ ನಿಂತಿದ್ದರು. ನಾನು ರಸ್ತೆಯ ಈಚೆ ಮೆಡಿಕಲ್ಲಿನಲ್ಲಿ ಇದ್ದೆ. ಅವರ ಮುಂದಿನ ಜಾಗಕ್ಕೆ ಕಾಲೇಜು ಹುಡುಗಿಯರು ಬಂದರು. ಇವರು ಹಿಂದೆ ಸರಿದರು. ಮತ್ತೆ ಜಾಗ ಆಯಿತು. ಒಬ್ಬರು ಮುದುಕರು ಬಂದರು. ಇವರು ಮತ್ತೂ ಹಿಂದೆ ಸರಿದರು. ನಾನು ಔಷಧಿ ತೆಗೆದುಕೊಂಡು ಬರುವಾಗ ಅವರು ಬೇಕರಿಯ ಮೆಟ್ಟಿಲು ಇಳಿದು ರಸ್ತೆಗೆ ಬಂದಿದ್ದರು. "ಮುಂದೆ ಹೋಗಿ ಸರ್, ಮುಂದಿನವರಿಗೆ ತಾಗಿ ನಿಲ್ಲಿ" ಎಂದೆ. ಅವರು ಧೈರ್ಯ ತಂದುಕೊಂಡು ಹೆಜ್ಜೆ ಎತ್ತಿದರು. ಅಷ್ಟರಲ್ಲಿ ಒಬ್ಬ ಬಂದು ಆ ಜಾಗದಲ್ಲಿ ಸ್ಕೂಟರ್ ಸ್ಟ್ಯಾಂಡ್ ಹಾಕಿಯೇಬಿಟ್ಟ.

ಮೂರು ಭಾಷೆಯಲ್ಲಿ ಸಾಕು

ಮನೆ ಊಟ ಸಿಕ್ಕಿದರೆ ಮನುಷ್ಯ ಊರು ಬಿಡುವುದಿಲ್ಲ ಎಂದು ನನ್ನ ಅತ್ತೆಯ ಸಿದ್ಧಾಂತ. ಹಾಗೆ ಒಂದು ಆದಿತ್ಯವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಅವರನ್ನು ಮನೆಗೆ ಕರೆದೆವು. ಇಡ್ಲಿಯಂಥ ಸನ್ನ, ಹಂದಿ ಮಾಂಸದ ಖಾರದ ಬಫಾತ್. ನಾಲ್ಕು ಸನ್ನ ಆಗುವಾಗ ಅವರು ಕೈ ಅಡ್ಡ ಹಿಡಿದು, ಮೊಬೈಲಿನಲ್ಲಿ ಕಲಿತು ಬಂದಿದ್ದ ಶಬ್ದ ಹೇಳಿದರು: "ಸಾಕು, ಸಾಕು."

ಅತ್ತೆಯ ಮುಖ ಅರಳಿತು. "ಅಬ್ಬ, ಎಷ್ಟು ಚಂದ ಕನ್ನಡ ಮಾತಾಡ್ತಾರೆ!" ಎಂದು ಇನ್ನೆರಡು ಸನ್ನ ಹಾಕಿದರು.

ಕೈ ತೊಳೆಯುವಾಗ ಅವರು ನನ್ನ ಹತ್ತಿರ ಮೆಲ್ಲಗೆ, ಆ ಶಬ್ದಕ್ಕೆ ಬೇರೆ ಅರ್ಥ ಉಂಟಾ ಎಂದು ಕೇಳಿದರು. "ಇಲ್ಲ ಸರ್, ನಮ್ಮದು ಕೊಂಕಣಿ ಮನೆ. ಕೊಂಕಣಿಯಲ್ಲಿ 'ಪುರೊ' ಅನ್ಬೇಕು" ಎಂದು ಹೇಳಿಕೊಟ್ಟೆ. ಅವರು ಅದನ್ನು ಬಾಯಿಪಾಠ ಮಾಡಿಕೊಂಡರು. ಮರುದಿನ ಅಕ್ಕ ಕೋರಿ ರೊಟ್ಟಿಗೆ ಕರೆದರು. ತಟ್ಟೆ ತುಂಬ ಕೋಳಿ ಸಾರು. ಇವರು "ಪುರೊ" ಎಂದರು.

"ದೇವರೇ, ಇವರಿಗೆ ಕೊಂಕಣಿಯೂ ಬರ್ತದಾ!" ಅಕ್ಕ ಇನ್ನೊಂದು ಸೌಟು ಸಾರು ಸುರಿದರು. ಮತ್ತೆ ಪ್ರೀತಿಯಿಂದ, "ತುಳುವಿನಲ್ಲಿ ಅದಕ್ಕೆ 'ಯಾವು' ಅಂತ ಹೇಳುದು ಸರ್" ಎಂದು ಕಲಿಸಿದರು. ಆ ವಾರ ಅವರು ಮತ್ತೆ ನಮ್ಮಲ್ಲಿಗೆ ಬಂದಾಗ ಅತ್ತೆಯ ಎದುರು ಎಂತ ಹೇಳಿದರು ಅಂತ ನಾನು ಬೇರೆ ಹೇಳಬೇಕಾಗಿಲ್ಲ. ತುಳು ಕೇಳಿದ ಸಂತೋಷಕ್ಕೆ ಅತ್ತೆ ಪಾತ್ರೆಯನ್ನೇ ಅವರ ಪಕ್ಕಕ್ಕೆ ತಂದಿಟ್ಟರು.

ಹೋಗುವಾಗ ನಾನು, "ಇಲ್ಲಿ ಬ್ಯಾರಿ ಭಾಷೆಯೂ ಉಂಟು ಸರ್, ಅದರಲ್ಲಿ..." ಎಂದು ಶುರುಮಾಡಿದೆ. ಅವರು ಎರಡೂ ಕೈ ಎತ್ತಿಬಿಟ್ಟರು.

"ಇನ್ನು ಭಾಷೆ ಬೇಡ. ಹೊಟ್ಟೆಯಲ್ಲಿ ಜಾಗ ಇಲ್ಲ."

ಬರ್ತೇನೆ

ನಮ್ಮಲ್ಲಿ ಹೊರಡುವವರು "ಹೋಗ್ತೇನೆ" ಅನ್ನುವುದಿಲ್ಲ, "ಬರ್ತೇನೆ" ಅನ್ನುತ್ತಾರೆ. ಮೊದಮೊದಲು ಅವರಿಗೆ ಇದರಿಂದ ಬಹಳ ಕಷ್ಟ ಆಯಿತು. ನಲ್ಲಿ ರಿಪೇರಿಯವನು "ಬರ್ತೇನೆ ಸರ್" ಎಂದು ಹೋದರೆ ಅವನಿಗೆ ಕಾಫಿ ಮಾಡಿ ಮುಚ್ಚಿಟ್ಟು ಕಾಯುತ್ತಿದ್ದರು. ನಾನು ಕೂತು ವಿವರಿಸಿದೆ. ಇದು ಮರ್ಯಾದೆಯ ಮಾತು, ಎಲ್ಲಿಂದ ಹೊರಟರೂ ನಗುತ್ತಾ "ಬರ್ತೇನೆ ಆಯ್ತಾ" ಅನ್ನಬೇಕು ಎಂದೆ. ಎಲ್ಲಿ ಅನ್ನಬಾರದು ಎಂದು ಹೇಳಲಿಕ್ಕೆ ನನಗೆ ಹೊಳೆಯಲಿಲ್ಲ.

ಸ್ವಲ್ಪ ದಿನದಲ್ಲೇ ಫ್ಯಾಕ್ಟರಿಯ ಸೂಪರ್‌ವೈಸರರ ಅಜ್ಜಿ ಉಳ್ಳಾಲದಲ್ಲಿ ತೀರಿಕೊಂಡರು. ತುಂಬು ಪ್ರಾಯ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಂಡು ಹೋದ ಜೀವ. ನಾವು ಆಫೀಸಿನವರೆಲ್ಲ ಹೋದೆವು. ಇವರೂ ಬಂದರು. ಒಂದು ಗಂಟೆ ಒಂದೂ ಮಾತಾಡದೆ ತಲೆ ತಗ್ಗಿಸಿ ಕೂತರು. ಈ ಫಾರಿನಿನವರಿಗೆ ಎಷ್ಟು ದುಃಖ ಅಂತ ಮನೆಯವರು ಮೆಚ್ಚಿಕೊಂಡರು. ಸಾವಿನ ಮನೆಯಿಂದ ಹೊರಡುವಾಗ ಏನೂ ಹೇಳದೆ ಎದ್ದು ಬರುವುದು ನಮ್ಮ ಕ್ರಮ. ನಾವು ಹಾಗೇ ಎದ್ದೆವು. ಇವರು ಮಾತ್ರ ಚಾವಡಿಯ ಮಧ್ಯೆ ನಿಂತು, ಎಲ್ಲರಿಗೂ ಕೈ ಮುಗಿದು, ಸ್ಪಷ್ಟವಾಗಿ ಹೇಳಿದರು:

"ಬರ್ತೇನೆ ಆಯ್ತಾ? ಬೇಗ ಬರ್ತೇನೆ."

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಸೂಪರ್‌ವೈಸರರು ಕಣ್ಣು ಮುಚ್ಚಿಕೊಂಡರು. ಆಗ ಮೂಲೆಯ ಕುರ್ಚಿಯಲ್ಲಿ ಕೂತಿದ್ದ, ತೀರಿಕೊಂಡ ಅಜ್ಜಿಯ ತಮ್ಮ, ಅವರಿಗೂ ತೊಂಬತ್ತರ ಹತ್ತಿರ, ಕೋಲು ಊರಿ ಮುಂದೆ ಬಾಗಿ ಕೇಳಿದರು:

"ಬೇಗ ಬರ್ತಾರಂತಾ? ಈ ಮನೆಯಲ್ಲಿ ಇನ್ನು ಉಳಿದ ಮುದುಕ ನಾನೊಬ್ಬನೇ ಮಾರಾಯ!"

ಮೊದಲು ನಕ್ಕದ್ದು ಅಜ್ಜಿಯ ಮಗಳು. ಮತ್ತೆ ಎಲ್ಲರೂ.

ಬಚ್ಚಲಿನಲ್ಲಿ ಯಾರು?

ತಿಂಗಳ ಕೊನೆ ಹತ್ತಿರ ಬಂತು. ಸೆಕೆ ಎಂದರೆ ಸೆಕೆ, ಮೈಯಿಂದ ನೀರು ಇಳಿಯುತ್ತದೆ. ನಾನು ಮ್ಯಾನೇಜರರನ್ನು ಕಾಡಿ ಬೇಡಿ ಔಟ್‌ಹೌಸಿಗೆ ಎ.ಸಿ. ಹಾಕಿಸಿದ್ದೆ. ಫಿನ್‌ಲ್ಯಾಂಡಿನವರು ಅದನ್ನು ಮುಟ್ಟಿಯೂ ನೋಡಲಿಲ್ಲ. ದಿನದಿಂದ ದಿನಕ್ಕೆ ಮಂಕಾದರು. ಆಫೀಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂರುತ್ತಿದ್ದರು. "ಎಂತ ಸರ್, ಹುಷಾರಿಲ್ವಾ?" ಎಂದರೆ, "ಮನೆಯ ನೆನಪು. ಒಂದು ವಿಷಯ ಇಲ್ಲದೆ ನನಗೆ ಕಷ್ಟ" ಎಂದರು. ಎಂತ ಅಂತ ಕೇಳಿದರೆ ಹೇಳಲಿಲ್ಲ. ಇನ್ನು ಇವರದ್ದೂ ಟಿಕೆಟ್ಟೇ ಗತಿ ಎಂದು ನಾನು ಆಸೆ ಬಿಟ್ಟೆ.

ಆ ಆದಿತ್ಯವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಅಕ್ಕನ ಫೋನು.

"ಬಾಯಮ್ಮ, ಬೇಗ ಬನ್ನಿ ಮಾರಾಯ್ರೆ! ಹಿಂದಿನ ಬಚ್ಚಲಿನಲ್ಲಿ ಫಾರಿನ್ ಸರ್‌ಗೆ ಯಾರೋ ಹೊಡೀತಾ ಇದ್ದಾರೆ!"

"ಯಾರಕ್ಕ?"

"ಅದೇ ಗೊತ್ತಾಗುದಿಲ್ಲ. ಒಳಗೆ ಹೋದದ್ದು ಅವರೊಬ್ಬರೇ!"

ನಾನು, ನನ್ನ ಗಂಡ ಸ್ಕೂಟರಿನಲ್ಲಿ ಓಡಿದೆವು. ಅಕ್ಕನ ಮನೆಯ ಹಿಂದೆ ಒಂದು ಹಳೆಯ ಬಚ್ಚಲು ಉಂಟು. ಹೊರಗಿನಿಂದ ಒಲೆಗೆ ಸೌದೆ ಹಾಕಿ ಹಂಡೆ ಕಾಯಿಸುವಂಥದ್ದು. ಗೀಸರ್ ಬಂದ ಮೇಲೆ ಅದು ಮೂಲೆ ಸೇರಿತ್ತು. ಬೆಳಿಗ್ಗೆ ಅವರು ಅದನ್ನು ತೋರಿಸಿ "ನಾನು?" ಎಂದು ಕೇಳಿದ್ದರಂತೆ. ಮೈಕೈ ನೋವಿರಬೇಕು ಎಂದು ಅಕ್ಕ ಒಪ್ಪಿದ್ದರಂತೆ. ಈಗ ನೋಡಿದರೆ ಒಲೆ ಧಗಧಗ ಉರಿಯುತ್ತಿದೆ. ಬಚ್ಚಲಿನ ಕಿಟಕಿಗೆ ಗೋಣಿ ಜಡಿದಿದೆ. ಬಾಗಿಲ ಸಂದಿಯಿಂದ ಹಬೆ. ಒಳಗಿನಿಂದ ಚಟ್ ಚಟ್ ಎಂದು ಬಾರಿಸುವ ಸದ್ದು, ಪ್ರತಿ ಏಟಿಗೂ "ಹಾ!" ಎಂದು ಒಂದು ನರಳಾಟ.

ನನ್ನ ಗಂಡ ಬಾಗಿಲು ಬಡಿದರು. "ಸರ್! ಬದುಕಿದ್ದೀರಾ?"

ಬಾಗಿಲು ತೆರೆಯಿತು. ಹಬೆಯ ಮೋಡದ ಒಳಗಿನಿಂದ ಅವರು ಹೊರಗೆ ಬಂದರು. ಸೊಂಟಕ್ಕೆ ಟವೆಲ್, ಮೈ ಪೂರ್ತಿ ಬೇಯಿಸಿದ ಏಡಿಯ ಬಣ್ಣ, ಕೈಯಲ್ಲಿ ಬೇಲಿಯಿಂದ ಕಡಿದ ನೆಕ್ಕಿ ಸೊಪ್ಪಿನ ಒಂದು ದೊಡ್ಡ ಕಟ್ಟು. ಅದರಿಂದ ತಮ್ಮ ಬೆನ್ನಿಗೆ ತಾವೇ ಬಾರಿಸಿಕೊಳ್ಳುತ್ತಿದ್ದರು. ನೆಲದ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಕಾದ ಕಲ್ಲುಗಳು, ಅದಕ್ಕೆ ಸುರಿದ ನೀರು. ಬಂದು ಒಂದು ತಿಂಗಳಾಗುತ್ತಾ ಬಂದಿತ್ತು. ಅವರು ಹಲ್ಲು ತೋರಿಸಿ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಸೌನಾ!" ಎಂದರು. ಅವರ ದೇಶದಲ್ಲಿ ಮನೆಮನೆಯಲ್ಲಿ ಇಂಥ ಹಬೆಯ ಕೋಣೆ ಇರುತ್ತದಂತೆ, ಎಲೆಯ ಕಟ್ಟಿನಿಂದ ಮೈಗೆ ಹೀಗೆ ಬಾರಿಸಿಕೊಳ್ಳುವುದೂ ಕ್ರಮವಂತೆ. ಅವರಿಗೆ ಇಷ್ಟು ದಿನ ಇಲ್ಲದೆ ಕಷ್ಟ ಆದದ್ದು ಇದೇ. ನಾನು ಅವರನ್ನು ತಂಪು ಮಾಡಲಿಕ್ಕೆ ಎ.ಸಿ. ಹಿಂದೆ ಓಡಿದ್ದು, ಅವರು ಇನ್ನಷ್ಟು ಸೆಕೆ ಹುಡುಕುತ್ತಿದ್ದದ್ದು!

ನಾನು ಇದನ್ನೆಲ್ಲ ಅಕ್ಕನಿಗೆ ತುಳುವಿನಲ್ಲಿ ಬಿಡಿಸಿ ಹೇಳಿದೆ. ಅವರು ಸೌದೆಯ ಒಲೆ ನೋಡಿದರು, ಮುಚ್ಚಿದ ಕಿಟಕಿ ನೋಡಿದರು, ಕೆಂಪಾದ ಮನುಷ್ಯನನ್ನು ನೋಡಿದರು, ನೆಕ್ಕಿ ಸೊಪ್ಪು ನೋಡಿದರು. ನಮ್ಮಲ್ಲಿ ಹೆರಿಗೆ ಆದವರಿಗೆ ನೀರು ಹಾಕುವುದು ಅದೇ ಸೊಪ್ಪು ಹಾಕಿ ಕುದಿಸಿ. ಅಕ್ಕ ನನ್ನ ಕಿವಿಯ ಹತ್ತಿರ ಬಂದು ಕೇಳಿದರು:

"ಬಾಯಮ್ಮ, ಇವರ ದೇಶದಲ್ಲಿ ಬಾಣಂತನ ಗಂಡಸರಿಗಾ?"

ಸಂಜೆಯೇ ಔಟ್‌ಹೌಸಿಗೆ ಕರಿಮೆಣಸಿನ ಕಷಾಯ ಹೋಯಿತು. ಬೆಳಿಗ್ಗೆ ಬಾಣಂತಿ ಲೇಹ್ಯ ಹೋಯಿತು. ತಲೆಗೆ ಗಾಳಿ ತಾಗಬಾರದು ಎಂದು ಅಕ್ಕ ಒಂದು ಮಫ್ಲರ್ ಕೂಡ ಕಳಿಸಿದರು. ಸೋಮವಾರ ಅವರು ಆಫೀಸಿಗೆ ಬಂದದ್ದು ಅದನ್ನು ಕಿವಿಗೆ ಸುತ್ತಿಕೊಂಡೇ. ನನ್ನ ಮೇಜಿನ ಎದುರು ನಿಂತು ಹೇಳಿದರು: "ನಾನು ಇರ್ತೇನೆ."

ಮ್ಯಾನೇಜರು ನನ್ನ ಕೈ ಕುಲುಕಿದರು. ನಾನು ಮೊದಲು ಫೋನು ಮಾಡಿದ್ದು ಅಕ್ಕನಿಗೆ.

"ಅಕ್ಕ, ಅವರು ಹೋಗುದಿಲ್ಲಂತೆ!"

"ಹೋಗುದು ಹೇಗೆ ಬಾಯಮ್ಮ?" ಎಂದರು ಅಕ್ಕ. "ನಲವತ್ತು ದಿನ ಆಗದೆ ಬಾಣಂತಿಯನ್ನು ಯಾರಾದ್ರೂ ಕಳಿಸ್ತಾರಾ?"