ಜೇನು ಅದ್ದಿದ ಬೆರಳು

ಸಂತೋಷ ಮಿತಿ ಮೀರಿದರೆ ಮನುಷ್ಯರಿಗೆ ಕಿವಿ ಕೇಳುವುದಿಲ್ಲ. ಇದು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಸ್ವಂತ ಸಂಶೋಧನೆ, ಮೇಷ್ಟರು ಕಲಿಸಿದ್ದಲ್ಲ. ಮೊಮ್ಮಗ ಹುಟ್ಟಿದ ದಿನ ತ್ರಾಸಿಯ ದಾರಿಯಲ್ಲಿ ಗುರುತಿಲ್ಲದವನೊಬ್ಬನನ್ನು ನಿಲ್ಲಿಸಿ, "ಹ್ವಾಯ್, ನಮ್ಮನೆಗ್ ಗಂಡ್ ಶಿಶು!" ಎಂದೆ. ಅವ ಪಾಪ, "ಆಯ್ತಮ್ಮಾ, ಅದಕ್ಕ್ ನಾ ಎಂತ ಮಾಡ್ಕ್?" ಎಂದು ಕೇಳಿದ. ಅದೂ ನನಗೆ ಸರಿಯಾಗಿ ಕೇಳಿಸಲಿಲ್ಲ.

ಸೊಸೆ ಶಾಂತಾ ಬೊಂಬಾಯಿಯ ಮರಾಠಿ ಹುಡುಗಿ. ಮಗ ಅಲ್ಲಿ ಹೋಟೆಲಿನಲ್ಲಿ ದುಡಿಯುತ್ತಾ ಮದುವೆಯಾದವ. ಅವಳಿಗೆ ತಾಯಿಯಿಲ್ಲ, ಅಲ್ಲಿ ಯುದ್ಧದ ಹೆದರಿಕೆ ಬೇರೆ. ಹೆರಿಗೆಗೆಂದು ಇಲ್ಲಿ ತಂದುಬಿಟ್ಟು ಹೋದ. ನಮ್ಮಿಬ್ಬರ ನಡುವೆ ಇದ್ದ ಭಾಷೆ ಕೈಸನ್ನೆ ಒಂದೇ. ಮೊದಲು ಬರುವ ಹಳದಿ ಹಾಲು ಶಿಶುವಿಗೆ ಆಗದು, ಮೂರು ದಿನ ಜೇನು ನಕ್ಕಿಸಬೇಕು ಎಂದು ನನ್ನ ಅತ್ತೆ ಹೇಳಿದ್ದರು. ನಕ್ಕುವುದೆಂದರೆ ನಮ್ಮ ಕಡೆ ನೆಕ್ಕುವುದು. ಸರಿ, ಬೆರಳನ್ನು ಜೇನಿಗೆ ಅದ್ದಿ ಮಗುವಿನ ಬಾಯಿಗೆ ಹಿಡಿದೆ. ಶಾಂತಾ ಎದ್ದು ಕೂತು, "ನಕೋ! ನಕೋ!" ಎಂದಳು. ನಾನು ಹಿಗ್ಗಿಹೋದೆ. "ಕಂಡ್ಯಾ ಮಗಾ, ನಿನ್ನಬ್ಬಿಯೇ ಹೇಳ್ತ್, ನಕ್ಕೋ ಅಂದೇಳಿ! ಎಷ್ಟ್ ಬೇಗ ನಮ್ಮ ಮಾತ್ ಕಲ್ತಿತ್!" ಅವಳು ಕೂಗಿದಷ್ಟೂ ನಾನು ಬೆರಳು ಅದ್ದಿದೆ. ಅವಳ ಕಣ್ಣಲ್ಲಿ ನೀರು ಕಂಡರೆ, ಅದೂ ಸಂತೋಷದ್ದೇ ಎಂದುಕೊಂಡೆ.

ಮೂರನೇ ದಿನಕ್ಕೆ ಮಗುವಿನ ಅಳು ಬೆಕ್ಕಿನ ಮರಿಯ ಕೂಗಿನಷ್ಟು ಸಣ್ಣದಾಯಿತು. ಹಾಲು ಕಟ್ಟಿ ಶಾಂತಾಳ ಎದೆ ಕಲ್ಲಾಗಿತ್ತು. ಮಗುವನ್ನು ಹಿಡಿಸಿದರೆ ಬಾಯಿ ಜಾರುತ್ತಿತ್ತು. ಗಾಬರಿಯಲ್ಲಿ ಓಡಿಹೋಗಿ ನಾನು ತಂದದ್ದು ಎಂತ? ಮತ್ತೆ ಅದೇ ಜೇನಿನ ಕುಪ್ಪಿ! ಆಗ ಗಂಗೊಳ್ಳಿಯಿಂದ ಮೀನು ತರುವ ನಾಗು ಅಂಗಳಕ್ಕೆ ಬಂದವಳು, ಒಳಗಿನ "ನಕೋ" ಕೇಳಿ ಬುಟ್ಟಿ ಇಳಿಸಿ ಬಾಗಿಲಿಗೆ ಓಡಿಬಂದಳು. ಅವಳ ಮನೆಮಾತು ಕೊಂಕಣಿ.

"ಅಮ್ಮಾ, ಎಂತ ಮಾಡ್ತಾ ಇದ್ರಿ? ಅದ್ ಬ್ಯಾಡ ಅಂಬುದ್! ನಮ್ಮ್ ಕೊಂಕಣಿಯಗೆ 'ನಾಕಾ' ಅಂತ್ರಲ್ದಾ, ಹಾಂಗೆ!"

ಮೂರು ದಿನದಿಂದ ಆ ಹೆಣ್ಣು ಬೇಡ, ಬೇಡ ಎಂದು ಅತ್ತಿದೆ. ನಾನು ಅವಳ ಭಾಷಾಜ್ಞಾನವನ್ನು ಹೊಗಳಿದ್ದೇನೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಾಗು ಸೀಗೆಪುಡಿ ಹಾಕಿ ಕೈ ತೊಳೆದು ಬಂದು ಕೊಂಕಣಿಯಲ್ಲಿ ಏನೋ ಕೇಳಿದಳು. ಶಾಂತಾ ಮೂರು ದಿನದ ಮಾತನ್ನೆಲ್ಲ ಒಮ್ಮೆಗೇ ಸುರಿದಳು. ನಾಗು ಬಿಸಿನೀರಿನ ಬಟ್ಟೆ ಇಡಿಸಿ, ಸ್ವಲ್ಪ ಹಾಲು ಹಿಂಡಿ ತೆಗೆಸಿ, ಎದೆ ಮೆತ್ತಗಾದ ಮೇಲೆ ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿದಳು. ಬಾಯಿ ಅಗಲ ತೆರೆಯುವ ತನಕ ಕಾದು ಹಿಡಿಸಿದಳು. ಗುಟುಕ್ ಎಂದಿತು. ಮತ್ತೆ ಗುಟುಕ್. ನಾನು ಬಾಗಿಲಿಗೆ ಒರಗಿ ಅತ್ತುಬಿಟ್ಟೆ.

"ಹಳದಿ ಹಾಲೇ ಶಿಶುಗೆ ಬಂಗಾರ ಅಮ್ಮಾ," ಎಂದಳು ನಾಗು, ಬುಟ್ಟಿ ಹೊರುತ್ತಾ. "ಜೇನ್ ನೀವೇ ನಕ್ಕಿ."

ಶಾಂತಾ ಆಗ ಬೈದಿದ್ದರೂ ನಾನದನ್ನು ಆಶೀರ್ವಾದವೆಂದೇ ತಿಳಿಯುತ್ತಿದ್ದೆನೇನೋ.

ಈಗ ಮೊಮ್ಮಗನಿಗೆ ವರ್ಷ ದಾಟಿದೆ, ಕುಂಬಳಕಾಯಿಯಂತೆ ಉರುಳಾಡುತ್ತಾನೆ. ಮೊನ್ನೆ ಆಸೆ ತಡೆಯದೆ ಬೆರಳಿಗೆ ಪಾಯಸ ತಾಗಿಸಿ ಅವನ ಬಾಯಿಯ ಬಳಿ ಹಿಡಿದೆ. ಅವ ಮುಖ ತಿರುಗಿಸಿ, ಸ್ಪಷ್ಟವಾಗಿ, "ನಕೋ" ಎಂದ. ಶಾಂತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು. ಈ ಸಲ ನನಗೆ ಅರ್ಥವಾಯಿತು. ಬೆರಳನ್ನು ನಾನೇ ನಕ್ಕಿಕೊಂಡೆ.