ಅಕ್ಕನ ಡ್ರ್ಯಾಗನ್ ಪಾರಾಯಣ

ಠಪ್! ತೊಂಬತ್ತರ ದಶಕದ ಮೆಡೋವೇಲ್ ಎಂಬ ಆ ಪರದೇಶದ ಊರು ಎಂದರೆ ಇವತ್ತಿಗೂ ನನ್ನ ಕಿವಿಯಲ್ಲಿ ಮೊಳಗುವುದು ಲೈಬ್ರರಿಯವರು ಪುಸ್ತಕಕ್ಕೆ ತಾರೀಖು ಒತ್ತುತ್ತಿದ್ದ ಆ ಸದ್ದು. ಮಕ್ಕಳ ವಿಭಾಗದ ಕ್ಯೂನಲ್ಲಿ, ಚಿಳ್ಳೆಪಿಳ್ಳೆಗಳ ನಡುವೆ, ಸೀರೆಯ ಮೇಲೆ ವಿಂಟರ್ ಜಾಕೆಟ್ ತೊಟ್ಟು ನಿಂತ ಅರವತ್ತೆರಡರ ಆ ಹೆಂಗಸು ನಮ್ಮಕ್ಕ. ನಮ್ಮ ಇಡೀ ವಂಶದಲ್ಲಿ ಡ್ರ್ಯಾಗನ್‌ಗೆ ಅರಿಶಿನ ಕುಂಕುಮ ಹಚ್ಚಿದವಳು ಇವಳೊಬ್ಬಳೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ!

ಕಣ್ಣಿನ ನರ ಸೋಲುತ್ತಿದೆ, ಬಹಳ ವರ್ಷ ಓದಲಾಗದು ಎಂದರು ಡಾಕ್ಟರು. ಬೇರೆಯವರಾಗಿದ್ದರೆ ಭಗವದ್ಗೀತೆ ಹಿಡಿಯುತ್ತಿದ್ದರು. ನಮ್ಮಕ್ಕ? ಮೈಸೂರಿನ ಕಾನ್ವೆಂಟಿನಲ್ಲಿ ನಾವು ಅಕ್ಕತಂಗಿಯರಿಬ್ಬರೂ ಓದಿದ್ದ ಮಾಯಾಲೋಕದ ಕಾದಂಬರಿಗಳನ್ನೆಲ್ಲ ಹುಡುಕಿ ತಂದಳು. ಸುಮ್ಮನೆ ಓದಿದಳೇ? ಉಹುಂ! ತಲೆಗೆ ಸ್ನಾನ, ವ್ಯಾಸಪೀಠ, ಏಳು ದಿನದ ಸಪ್ತಾಹ, ಮಂಗಳದ ದಿನ ಹಯಗ್ರೀವ!

"ಡ್ರ್ಯಾಗನ್ ಸ್ಟೋರಿಗೆ ಮಡಿ ಯಾಕೇ ಅಕ್ಕಾ?"

"ಮಾರಲ್ ಸೈನ್ಸ್ ಪುಸ್ತಕದೊಳಗೆ ಬಚ್ಚಿಟ್ಕೊಂಡು ಓದ್ತಿದ್ವಲ್ಲ, ಮರೆತ್ಯಾ? ಆ ಪಾಪಕ್ಕೆ ಪ್ರಾಯಶ್ಚಿತ್ತ!"

ವಾಪಸು ಬಂದ ಪುಸ್ತಕದಲ್ಲಿ ಡ್ರ್ಯಾಗನ್ನಿನ ಹಣೆ ನೋಡಿ ಲೈಬ್ರರಿಯ ಹುಡುಗಿ ಬೆಚ್ಚಿದಳು. "ಈಸ್ ದಿಸ್ ಬ್ಲಡ್?"

"ನೋ ಡಿಯರ್, ಬ್ಲೆಸಿಂಗ್" ಎಂದಳು ಅಕ್ಕ.

ಪಾರಾಯಣಕ್ಕೆ ಕೇಳುವವರು ಬೇಡವೇ? ಮಗಳು "ಅಮ್ಮಾ, ಇಟ್ಸ್ ಎ ಕಿಡ್ಸ್ ಬುಕ್!" ಎಂದು ಬೇಸ್‌ಮೆಂಟಿಗೆ ಇಳಿದುಬಿಟ್ಟಳು. ಭಾವನವರದು ಮೊದಲ ಪುಟಕ್ಕೇ ಗೊರಕೆ. ಕೊನೆಗೆ ಪಕ್ಕದೂರು ಬರ್ಲಿಂಗ್ಟನ್ನಿನಲ್ಲಿದ್ದ ನನ್ನನ್ನೇ ಕರೆಸಿದಳು. ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು. ಥೇಟ್ ಪುರಾಣದ ಶಾಸ್ತ್ರಿಗಳು! ನಡುವೆ ನಾನು ಆಕಳಿಸಿದರೆ, "ಪಾಪ, ಆ ಹುಡುಗಿ ಗುಹೇಲಿ ಸಿಕ್ಕಿಹಾಕ್ಕೊಂಡಿದಾಳೆ, ನಿಂಗೆ ನಿದ್ದೆ!" ಎಂದು ಬೈಗುಳ.

ಹೀಗೆ ಏಳೆಂಟು ವರ್ಷ ನಡೆಯಿತು. ದಪ್ಪಕ್ಷರದ ಪುಸ್ತಕ ಬಂತು, ಭೂತಗನ್ನಡಿ ಬಂತು.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಒಂದು ಮಾರ್ಚ್ ಮಧ್ಯಾಹ್ನ. ಸಪ್ತಾಹದ ಏಳನೆಯ ದಿನ. ಭೂತಗನ್ನಡಿ ಮುಟ್ಟಲೇ ಇಲ್ಲ, ಓದು ಮಾತ್ರ ಸರಾಗ. ಆಗಾಗ ಪುಟ ತಿರುವುತ್ತಿದ್ದಳು. "ಡ್ರ್ಯಾಗನ್ ಬೆನ್ನೇರಿದ ರಾಜಕುಮಾರಿ ಮತ್ತೆ ಕೆಳಗಿಳಿದು ಬಂದಳು. ಬಾಗಿಲಲ್ಲಿ ಅಳ್ತಾ ನಿಂತಿದ್ದ ತಂಗಿಯ ಕೈ ಹಿಡಿದು, 'ಬಾರೇ, ನಿನ್ನ ಬಿಟ್ಟು ಹೋಗ್ತೀನಾ?' ಅಂದಳು" ಎಂದು ಅರ್ಥ ಹೇಳಿದಳು.

ಆ ಕಥೆ ನನಗೆ ಬಾಯಿಪಾಠ. ಆ ರಾಜಕುಮಾರಿಗೆ ತಂಗಿಯೇ ಇಲ್ಲ.

ಎದುರಿಗಿದ್ದ ಪುಟ ಅಕ್ಕನಿಗೆ ಕಾಣುತ್ತಿಲ್ಲ ಎಂದು ಆಗ ಹೊಳೆಯಿತು. ನಾನು ತಿದ್ದಲಿಲ್ಲ. ಅವಳ ಮೊಣಕಾಲು ತಾಗುವಷ್ಟು ಹತ್ತಿರ ಸರಿದು ಕೂತೆ.